ವಲಸಿಗರ ಅಂಗಡಿಗಳಿಗೆ ಬಾಡಿಗೆ ನೆರವು ಬೇಕು

ಮಾನ್ಯರೆ,

ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಚೈನ್ ಸ್ಟೋರ್‌ಗಳಿಗೆ, ಅಂದರೆ ಊರೂರಲ್ಲಿ ಮಳಿಗೆ ತೆರೆಯುವ ಕಂಪನಿಗಳಿಗೆ, ಇರುವ ಕಡಿವಾಣವನ್ನು ಸಡಿಲಿಸಬಾರದು. ಈಗಾಗಲೇ 11 ಅಥವಾ ಹೆಚ್ಚು ಮಳಿಗೆಗಳಿರುವ ಕಂಪನಿ ನೆರೆಹೊರೆಯ ವಾಣಿಜ್ಯ ಬೀದಿಗೆ ಬರಲು ನಗರದ ಯೋಜನಾ ಆಯೋಗದ ವಿಶೇಷ ಅನುಮತಿ ಪಡೆಯಬೇಕೆಂಬ ನಿಯಮಕ್ಕೆ 2006ರಲ್ಲಿ ನಗರದ ಮತದಾರರೇ ಒಪ್ಪಿಗೆ ಕೊಟ್ಟಿದ್ದಾರೆ. 2009ರಲ್ಲಿ ಮಿಷನ್‌ನ ವೆಲೆನ್ಸಿಯಾ ಬೀದಿಗೆ ಬರಲಿದ್ದ ಅಮೆರಿಕನ್ ಅಪಾರೆಲ್ ಎಂಬ ಬಟ್ಟೆ ಕಂಪನಿಯ ಮಳಿಗೆಗೆ, ಸ್ಥಳೀಯರು ಪಟ್ಟು ಹಿಡಿದಿದ್ದರಿಂದ, ಅನುಮತಿ ಸಿಗಲಿಲ್ಲ. ಅದು ಸರಿಯಾದ ತೀರ್ಮಾನ.

ಇದು ಬರೀ ವ್ಯಾಪಾರದ ಪ್ರಶ್ನೆಯಲ್ಲ. ಇದೇ ಬಡಾವಣೆಯ 24ನೇ ಬೀದಿಯ ಬೇಕರಿ, ದಿನಸಿ ಅಂಗಡಿಗಳು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದಿಂದ ಬಂದ ಕುಟುಂಬಗಳ ಆಸರೆ. ಇಂಗ್ಲಿಷ್ ಬಾರದ ಹೊಸಬರು ಅಲ್ಲಿ ಅಳುಕಿಲ್ಲದೆ ಸ್ಪ್ಯಾನಿಷ್‌ನಲ್ಲಿ ವ್ಯವಹರಿಸುತ್ತಾರೆ. ದೂರದೂರಿಗೆ ವಲಸೆ ಹೋಗಿ ಹೋಟೆಲು, ಅಂಗಡಿ ಕಟ್ಟಿ ಬೆಳೆಸಿದ ನಮ್ಮವರಿಗೆ ಇದರ ಬೆಲೆ ಗೊತ್ತಿರಲೇಬೇಕು.

ಆದರೆ ಕಡಿವಾಣವೊಂದೇ ಸಾಲದು. ವಾಣಿಜ್ಯ ಮಳಿಗೆಗಳ ಬಾಡಿಗೆ ನಿಯಂತ್ರಿಸಲು ಕ್ಯಾಲಿಫೋರ್ನಿಯಾದ ಕಾನೂನು ನಗರಗಳಿಗೆ ಅವಕಾಶ ಕೊಡುವುದಿಲ್ಲ. ಹೀಗಾಗಿ ಗುತ್ತಿಗೆ ನವೀಕರಣದ ಹೊತ್ತಿಗೆ ಸಣ್ಣ ವ್ಯಾಪಾರಿ ದಿಕ್ಕೆಡುತ್ತಾನೆ. ಸಾಮಾನ್ಯವಾಗಿ 30 ವರ್ಷ ಪೂರೈಸಿದ ಅಂಗಡಿಗಳಿಗೆ ನೆರವಾಗಲು 2015ರಲ್ಲಿ ನಗರವು ನಿಧಿಯೊಂದನ್ನು ಸ್ಥಾಪಿಸಿದೆ. ಅದನ್ನು ಹತ್ತು ವರ್ಷ ದಾಟಿದ ವಲಸಿಗರ ಅಂಗಡಿಗಳಿಗೂ ವಿಸ್ತರಿಸಿ, ದೀರ್ಘಾವಧಿ ಗುತ್ತಿಗೆ ಕೊಡುವ ಕಟ್ಟಡ ಮಾಲೀಕರಿಗೆ ಅದರಿಂದ ಪ್ರೋತ್ಸಾಹಧನ ನೀಡಲಿ.

– ಓರ್ವ ಕನ್ನಡಿಗ ಓದುಗ, ಕ್ಯಾಲಿಫೋರ್ನಿಯಾ