ಜಾಹೀರಾತಿಗೆ ದುಡ್ಡು ಹಾಕುವ ಮೊದಲು

ಪ್ರಿಯ ಗೆಳೆಯಾ,

ಸೈಟು ನೋಡಿದೆ. ಹಳೆಯ ಹೊಲಿಗೆ ಮಷಿನ್ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಮತ್ತೆ ಜೋಡಿಸುವ ಕೆಲಸವನ್ನು ಇಷ್ಟು ಬಿಡಿಸಿ ಹೇಳುವವರು ಕಡಿಮೆ. ಫೋಟೋಗಳಂತೂ ತುಂಬಾ ಚೆನ್ನಾಗಿವೆ. ಬಿಡಿಭಾಗ ಮಾರುವ ಪುಟಕ್ಕೂ ಕೊರತೆ ಇಲ್ಲ. ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. ಸೈಟಿಗೆ ಯಾರೂ ಬರುತ್ತಿಲ್ಲ, 'ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ' ಅಂತ ಒಬ್ಬರು ತಿಂಗಳಿಗಿಷ್ಟು ಅಂತ ಕೇಳುತ್ತಿದ್ದಾರೆ, ಕೊಡಲಾ ಬೇಡವಾ?

ಬೇಡ. ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿದೆ. ಅವರು ಕೊಟ್ಟ ಪಟ್ಟಿಯನ್ನು ನೀನೇ ಕಳಿಸಿದ್ದೀಯಲ್ಲ, ಅದನ್ನೇ ನೋಡು. 'ಮೆಟಾ ಕೀವರ್ಡ್ಸ್ ಹಾಕಿಕೊಡುತ್ತೇವೆ' ಅಂತ ಇದೆ, ಅಂದರೆ ಓದುವವರಿಗೆ ಕಾಣದಂತೆ ಪುಟದ ಕೋಡ್‌ನಲ್ಲಿ ಬರೆದಿಡುವ ಪದಗಳ ಟ್ಯಾಗ್. ರ‍್ಯಾಂಕಿಂಗ್‌ಗೆ ಆ ಟ್ಯಾಗನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿ ಆಗಿದೆ. ಆಮೇಲೆ 'ನೂರಾರು ಬ್ಯಾಕ್‌ಲಿಂಕ್' ಅಂತ ಇದೆ. ಬೇರೆ ಸೈಟುಗಳಿಂದ ನಿನ್ನ ಸೈಟಿಗೆ ದುಡ್ಡು ಕೊಟ್ಟು ಹಾಕಿಸುವ ಲಿಂಕುಗಳು ಅವು. ಅದು ದುಡ್ಡು ದಂಡವಷ್ಟೇ ಅಲ್ಲ, ಅಪಾಯ ಕೂಡ. ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಹಿಡಿದ ದಾರಿ ಇದು: ಒಂದು ಪುಟಕ್ಕೆ ಬೇರೆಯವರು ಕೊಟ್ಟ ಲಿಂಕು ಅಂದರೆ ಒಂದು ಶಿಫಾರಸು. ಶಿಫಾರಸಿಗೆ ಬೆಲೆ ಬಂದಮೇಲೆ ಅದನ್ನು ಮಾರುವವರು ಹುಟ್ಟಿಕೊಳ್ಳದೆ ಇರುತ್ತಾರಾ? 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನುವ ಬದಲಾವಣೆ ತಂದು, ಹಾಗೆ ಲಿಂಕು ಕೊಂಡುಕೊಂಡಿದ್ದ ಸೈಟುಗಳನ್ನು ಗೂಗಲ್ ಕೆಳಕ್ಕೆ ತಳ್ಳಿತು. ಈಗಲೂ ನಿಯಮ ಅದೇ. ನಿನ್ನದು ಇನ್ನೂ ಹೊಸ ಸೈಟು, ಈಗಲೇ ಯಾಕೆ ಆ ರಗಳೆ?

ಖರ್ಚಿಲ್ಲದ ಕೆಲಸಗಳನ್ನು ಮೊದಲು ಮುಗಿಸು. ಗೂಗಲ್ ಸರ್ಚ್ ಕನ್ಸೋಲ್ ಅಂತ ಒಂದು ಇದೆ, ಪೂರ್ತಿ ಉಚಿತ. ಸೈಟು ನಿನ್ನದೇ ಅಂತ ಅಲ್ಲಿ ತೋರಿಸಬೇಕು. ಡೊಮೇನ್, ಅಂದರೆ ಸೈಟಿನ ಹೆಸರು, ಕೊಂಡ ಕಡೆ ಡಿಎನ್‌ಎಸ್‌ನಲ್ಲಿ (ಆ ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಬರೆದಿಡುವ ಪಟ್ಟಿ) ಒಂದು ಸಾಲು ಸೇರಿಸಿದರೆ ಆಯಿತು. ಆಮೇಲೆ ಸೈಟ್‌ಮ್ಯಾಪ್, ಅಂದರೆ ನಿನ್ನ ಪುಟಗಳ ಪಟ್ಟಿ ಇರುವ ಫೈಲಿನ ವಿಳಾಸ ಕೊಡು. ಯಾವ ಪುಟ ಗೂಗಲ್‌ನ ಲೆಕ್ಕಕ್ಕೆ ಸೇರಿದೆ, ಯಾವುದು ಸೇರಿಲ್ಲ, ಯಾಕೆ ಸೇರಿಲ್ಲ ಅಂತ ಅಲ್ಲೇ ಕಾಣುತ್ತದೆ. ಒಂದು ಪುಟವೂ ಸೇರಿಲ್ಲ ಅಂದರೆ ಗಾಬರಿ ಬೀಳಬೇಡ. ನೀನು ಸೈಟು ಕಟ್ಟಿರುವ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅನ್ನುವ ಜಾಗ ತೆರೆದು ನೋಡು. ಸರ್ಚ್ ಇಂಜಿನ್‌ಗಳು ಬರುವುದು ಬೇಡ ಅಂತ ಹೇಳುವ ಒಂದು ಚೌಕ ಅಲ್ಲಿದೆ. ಸೈಟು ಕಟ್ಟುವಾಗ ಅದಕ್ಕೆ ಟಿಕ್ ಹಾಕಿ, ತೆಗೆಯುವುದನ್ನು ಮರೆಯುವವರು ತುಂಬಾ ಜನ. ಬಿಂಗ್‌ನಲ್ಲೂ ಇಂಥದ್ದೇ ಸಾಧನ ಉಂಟು, ಸರ್ಚ್ ಕನ್ಸೋಲ್‌ನಿಂದಲೇ ಅಲ್ಲಿಗೆ ಎಳೆದುಕೊಳ್ಳಬಹುದು.

ನಿನ್ನ ಫೋಟೋಗಳನ್ನು ಹೊಗಳಿದೆ ಅಲ್ವಾ, ಅವುಗಳ ತೂಕ ಮಾತ್ರ ಜಾಸ್ತಿ. ಫೋನಿನಿಂದ ಬಂದದ್ದನ್ನು ಹಾಗೇ ಏರಿಸಿದ್ದೀಯ. ಪುಟದಲ್ಲಿ ಎಷ್ಟು ಅಗಲ ಕಾಣುತ್ತದೋ ಅಷ್ಟಕ್ಕೆ ಇಳಿಸಿ ವೆಬ್‌ಪಿ ಅನ್ನುವ ಹಗುರ ಫೈಲಿನ ರೂಪದಲ್ಲಿ ಹಾಕು. ಪುಟದ ವೇಗ ಅಳೆಯುವ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಕೊಟ್ಟು ನೋಡು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಗೂಗಲ್ ಅದನ್ನು ಒಳ್ಳೆಯದು ಅನ್ನುತ್ತದೆ. ಫೋನಿನಲ್ಲಿ ನೋಡಿದ ಅಳತೆಯನ್ನೇ ನಂಬು, ಯಾಕೆಂದರೆ ಗೂಗಲ್ ಸಹ ಈಗ ಪುಟದ ಮೊಬೈಲ್ ರೂಪವನ್ನೇ ಓದಿ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಇದಿಷ್ಟು ಮನೆಗೆಲಸ. ಇದರಿಂದಲೇ ಜನ ಬಂದುಬಿಡುವುದಿಲ್ಲ, ಬರುವವರಿಗೆ ಅಡ್ಡಿ ಆಗುವುದಿಲ್ಲ ಅಷ್ಟೇ.

ಈಗ ಅಸಲು ವಿಷಯ. ನಿನ್ನ ಪುಟಗಳ ಶೀರ್ಷಿಕೆ ನೋಡು: 'ಯಂತ್ರದ ಆರೈಕೆ', 'ಸೂಜಿಗಳ ಲೋಕ', 'ದಾರದ ಕಥೆ'. ಓದಲು ಚಂದ. ಆದರೆ ಅರ್ಧ ಹೊಲಿದ ಬಟ್ಟೆ ಮಷಿನ್‌ಗೆ ಸಿಕ್ಕಿಕೊಂಡು ಕೂತಿರುವವರು 'ದಾರದ ಕಥೆ' ಅಂತ ಹುಡುಕುತ್ತಾರಾ? 'ಹೊಲಿಗೆ ಮಷಿನ್ ಕೆಳಗಿನ ದಾರ ಗಂಟಾಗುತ್ತಿದೆ' ಅಂತ ಹುಡುಕುತ್ತಾರೆ. ಅದಕ್ಕೆ ಉತ್ತರ ನಿನ್ನ ಬಳಿ ಇದೆ. ಗಂಟು ಕೆಳಗೆ ಕಂಡರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದಲ್ಲೇ ಇರುತ್ತದೆ. ಬಟ್ಟೆ ಒತ್ತಿ ಹಿಡಿಯುವ ಪ್ರೆಷರ್ ಫೂಟ್ ಇಳಿಸಿಕೊಂಡೇ ದಾರ ಪೋಣಿಸಿದರೆ, ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಅದು ಕೂರುವುದಿಲ್ಲ. ಫೂಟ್ ಎತ್ತಿ ಮತ್ತೆ ಪೋಣಿಸಿದರೆ ಬಹಳ ಸಲ ಸರಿಹೋಗುತ್ತದೆ. ಇಷ್ಟು ಒಳ್ಳೆಯ ಮಾತನ್ನು ನೀನು 'ದಾರದ ಕಥೆ'ಯ ಹದಿಮೂರನೇ ಪ್ಯಾರಾದಲ್ಲಿ ಹೂತಿಟ್ಟಿದ್ದೀಯ ಮಾರಾಯ! ಅದನ್ನು ಹೊರಗೆ ತೆಗೆದು ಅದಕ್ಕೇ ಒಂದು ಪುಟ ಮಾಡು. ಕೇಳುವವರ ಮಾತೇ ಶೀರ್ಷಿಕೆ ಆಗಲಿ, ಉತ್ತರ ಮೊದಲ ಎರಡು ಸಾಲಿನಲ್ಲೇ ಸಿಗಲಿ, ಫೋಟೋ ಅದರ ಕೆಳಗೆ ಬರಲಿ. 'ಜೀನ್ಸ್ ಹೊಲಿಯಲು ಯಾವ ನಂಬರ್ ಸೂಜಿ' ಇನ್ನೊಂದು ಪುಟ. 'ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆ' ಮತ್ತೊಂದು. ಒಂದು ಪ್ರಶ್ನೆಗೆ ಒಂದು ಪುಟ. ಉತ್ತರದ ಜೊತೆಗೇ ಆ ಸೂಜಿಯನ್ನೋ ಕೆಳಗಿನ ದಾರದ ಉರುಳೆ ಕೂರುವ ಬಾಬಿನ್ ಕೇಸನ್ನೋ ಮಾರುವ ಪುಟಕ್ಕೆ ಒಂದು ಲಿಂಕು. ನನ್ನ ಮಟ್ಟಿಗೆ ಸಣ್ಣ ಸೈಟಿಗೆ ಇದಕ್ಕಿಂತ ಅಗ್ಗದ ಪ್ರಚಾರ ಇನ್ನೊಂದಿಲ್ಲ.

ಪ್ರಶ್ನೆಗಳನ್ನು ಎಲ್ಲಿಂದ ತರುವುದು? ಊಹೆ ಮಾಡಬೇಡ. ಗೂಗಲ್‌ನಲ್ಲಿ ಎರಡು ಪದ ಟೈಪ್ ಮಾಡಿ ನಿಲ್ಲಿಸು, ಮುಂದಿನದನ್ನು ಅದೇ ತೋರಿಸುತ್ತದೆ. ಅದು ಜನ ನಿಜವಾಗಿ ಹುಡುಕಿದ್ದರ ನೆರಳು. ಯೂಟ್ಯೂಬ್‌ನ ಪೆಟ್ಟಿಗೆಯಲ್ಲೂ ಹಾಗೇ ಮಾಡಿ ನೋಡು, ಅಲ್ಲಿ ಬೇರೆ ಬಗೆಯ ಪ್ರಶ್ನೆಗಳು ಬರುತ್ತವೆ. ನಿನ್ನಿಂದ ಬಿಡಿಭಾಗ ತರಿಸಿಕೊಂಡವರು ಕೇಳಿದ ಮೆಸೇಜುಗಳಿವೆಯಲ್ಲ, ಅವು ಇನ್ನೂ ಒಳ್ಳೆಯವು. ಅವರ ಪದಗಳನ್ನು ತಿದ್ದಲು ಹೋಗಬೇಡ. ಅವರು 'ಚಕ್ರ ಜಾಮ್ ಆಗಿದೆ' ಅಂದರೆ ಶೀರ್ಷಿಕೆಯಲ್ಲೂ 'ಚಕ್ರ ಜಾಮ್' ಅಂತಲೇ ಇರಲಿ.

ಪುಟಗಳು ಗೂಗಲ್‌ಗೆ ಸೇರಿ ಕೆಲವು ವಾರ ಕಳೆದ ಮೇಲೆ ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ ತೆರೆ. ಯಾವ ಹುಡುಕಾಟದಲ್ಲಿ ನಿನ್ನ ಪುಟ ಎಷ್ಟು ಸಲ ಕಂಡಿತು, ಎಷ್ಟು ಜನ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ ಅಂತ ಇರುತ್ತದೆ. 16 ತಿಂಗಳವರೆಗಿನ ಲೆಕ್ಕ ಸಿಗುತ್ತದೆ. ಎಲ್ಲರೂ ಮೇಲಿನ ಸಾಲುಗಳನ್ನು ನೋಡಿ ಖುಷಿಪಡುತ್ತಾರೆ. ನೀನು ನಡುವಿನದನ್ನು ನೋಡು. ಎಂಟನೇ ಸ್ಥಾನದಿಂದ ಹದಿನೈದರವರೆಗೆ ಇದ್ದು, ಜಾಸ್ತಿ ಸಲ ಕಂಡು, ಯಾರೂ ಒತ್ತದೆ ಇರುವ ಸಾಲುಗಳಿರುತ್ತವೆ. ಅವೇ ನಿನ್ನ ಕೆಲಸದ ಪಟ್ಟಿ. ಆ ಪುಟದ ಶೀರ್ಷಿಕೆ ತಿದ್ದು, ಉತ್ತರ ಮೇಲಕ್ಕೆ ತಾ, ನಿನ್ನದೇ ಬೇರೆ ಪುಟಗಳಿಂದ ಅದಕ್ಕೊಂದು ಲಿಂಕು ಕೊಡು. ಹೊಸ ಪುಟ ಬರೆಯುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ. ಕೆಲವೊಮ್ಮೆ ನೀನು ಬರೆಯದೇ ಇರುವ ಪ್ರಶ್ನೆಗೂ ನಿನ್ನ ಪುಟ ಕಂಡಿರುತ್ತದೆ. ಮುಂದಿನ ಪುಟ ಯಾವುದು ಅಂತ ಆಗ ಯೋಚಿಸಬೇಕಾಗಿಯೇ ಇಲ್ಲ.

ಒಂದು ಕಷ್ಟ ಇದೆ, ಅದನ್ನೂ ಹೇಳಿಬಿಡುತ್ತೇನೆ. 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಶುರು ಮಾಡಿ, ಆಮೇಲೆ ಬೇರೆ ದೇಶಗಳಲ್ಲೂ ಗೂಗಲ್ ಎಐ ಬರೆದ ಉತ್ತರವನ್ನು ಮೇಲೆಯೇ ತೋರಿಸುತ್ತಿದೆ. ಒಂದೇ ಸಾಲಿನ ಉತ್ತರ ಬೇಕಾದವರು ಅಲ್ಲಿಂದಲೇ ಹೊರಟುಬಿಡಬಹುದು. ಹಾಗಾಗಿ ಎಲ್ಲರೂ ಹೇಳುವುದನ್ನೇ ನೀನೂ ಹೇಳಿ ಲಾಭವಿಲ್ಲ. ಸವೆದ ಹುಕ್ ಯಾವುದು, ಸರಿ ಇರುವುದು ಯಾವುದು ಅಂತ ಪಕ್ಕಪಕ್ಕ ಇಟ್ಟು ತೆಗೆದ ಫೋಟೋ ನಿನ್ನಲ್ಲಿ ಮಾತ್ರ ಇದೆ. ಯಾವ ಸ್ಕ್ರೂ ಮೊದಲು ಬಿಚ್ಚಬೇಕು, ಯಾವುದನ್ನು ಮುಟ್ಟಲೇಬಾರದು ಅನ್ನುವುದು ಕೈಯಾಡಿಸಿದವರಿಗೇ ಗೊತ್ತು. ಅದನ್ನು ನೋಡಲು ಜನ ಪುಟಕ್ಕೇ ಬರಬೇಕು.

ಸರ್ಚ್ ಒಂದನ್ನೇ ನಂಬಿ ಕೂರಬೇಡ. ಹೊಲಿಗೆಯವರು ಈಗಾಗಲೇ ಸೇರುವ ಫೇಸ್‌ಬುಕ್ ಗುಂಪುಗಳಿವೆ, ರೆಡ್ಡಿಟ್ ಇದೆ, ವಾಟ್ಸ್ಆ್ಯಪ್ ಗುಂಪುಗಳಿವೆ. ಅಲ್ಲಿಗೆ ಹೋಗು, ಆದರೆ ಲಿಂಕು ಎಸೆದು ಓಡಬೇಡ. ಯಾರಾದರೂ ಕಷ್ಟ ಹೇಳಿಕೊಂಡರೆ ಪೂರ್ತಿ ಉತ್ತರ ಅಲ್ಲೇ ಬರೆ. ಫೋಟೋ ನೋಡಲೇಬೇಕು ಅನ್ನುವಾಗ ಮಾತ್ರ ಪುಟದ ಲಿಂಕು ಕೊಡು. ಮೊದಲು ಆ ಗುಂಪಿನ ನಿಯಮ ಓದು, ಕೆಲವು ಕಡೆ ಸ್ವಂತ ಸೈಟಿನ ಲಿಂಕಿಗೆ ಹೊರಗೆ ಹಾಕುತ್ತಾರೆ. ಇದು ನಿಧಾನದ ಕೆಲಸ. ನಿನಗೆ ಬೇಸರ ಬರುತ್ತದೆ ಅಂತಲೂ ಗೊತ್ತು. ಆದರೆ ಹತ್ತು ಸಲ ಸರಿಯಾದ ಉತ್ತರ ಕೊಟ್ಟವನ ಹೆಸರನ್ನು ಮುಂದೆ ಬೇರೆಯವರೇ ಹೇಳುತ್ತಾರೆ. ಆಗ ಬರುವ ಲಿಂಕಿದೆಯಲ್ಲ, ಅದು ಕೊಂಡದ್ದಲ್ಲ.

ಲಿಂಕು ಹಂಚುವಾಗ ಎರಡು ಸಣ್ಣ ವಿಷಯ ನೋಡಿಕೋ. ನಿನ್ನ ಪುಟದ ವಿಳಾಸ ವಾಟ್ಸ್ಆ್ಯಪ್‌ಗೆ ಹಾಕಿದರೆ ಚಿತ್ರ ಬರುತ್ತಿಲ್ಲ, ಬರೀ ವಿಳಾಸ ಕಾಣುತ್ತದೆ. ಅದಕ್ಕೆ ಓಪನ್ ಗ್ರಾಫ್ ಟ್ಯಾಗ್ ಬೇಕು, ಅಂದರೆ ಹಂಚಿದಾಗ ಯಾವ ಚಿತ್ರ, ಯಾವ ಶೀರ್ಷಿಕೆ ಕಾಣಬೇಕು ಅಂತ ಪುಟದ ಕೋಡ್‌ನಲ್ಲಿ ಹೇಳುವ ಸಾಲುಗಳು. ಫೇಸ್‌ಬುಕ್ 2010ರಲ್ಲಿ ತಂದ ಪದ್ಧತಿ ಅದು, ಈಗ ಎಲ್ಲರೂ ಬಳಸುತ್ತಾರೆ. ವರ್ಡ್‌ಪ್ರೆಸ್‌ಗೆ ಎಸ್‌ಇಒ, ಅಂದರೆ ಸರ್ಚ್‌ನಲ್ಲಿ ಚೆನ್ನಾಗಿ ಕಾಣಲು ನೆರವಾಗುವ ಪ್ಲಗಿನ್ ಒಂದನ್ನು ಹಾಕಿಕೊಂಡರೆ ತಾನೇ ಆಗುತ್ತದೆ. ಇನ್ನೊಂದು, ಯಾವ ಗುಂಪಿನಿಂದ ಎಷ್ಟು ಜನ ಬಂದರು ಅಂತ ತಿಳಿಯಲು ಲಿಂಕಿನ ಕೊನೆಗೆ ಯುಟಿಎಂ ಬಾಲ, ಅಂದರೆ ಎಲ್ಲಿಂದ ಬಂದರು ಅಂತ ಹೇಳುವ ಗುರುತಿನ ಪದ ಅಂಟಿಸು. ಅರ್ಚಿನ್ ಅನ್ನುವ ಕಂಪನಿಯನ್ನು 2005ರಲ್ಲಿ ಗೂಗಲ್ ಕೊಂಡಿತು, ಸೈಟಿಗೆ ಬರುವವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್ ಅದರಿಂದಲೇ ಹುಟ್ಟಿದ್ದು. ಯುಟಿಎಂನ 'ಯು' ಅರ್ಚಿನ್‌ನದ್ದೇ. ಕಂಪನಿಯ ಹೆಸರು ಎಲ್ಲರೂ ಮರೆತರು, ಬಾಲ ಉಳಿಯಿತು!

ಇಮೇಲ್ ಪಟ್ಟಿಯನ್ನು ಇವತ್ತಿನಿಂದಲೇ ಶುರು ಮಾಡು. ಫೇಸ್‌ಬುಕ್ ಪುಟದ ಫಾಲೋವರ್‌ಗಳು ನಿನ್ನವರಲ್ಲ. ನಿನ್ನ ಪೋಸ್ಟನ್ನು ಅವರಿಗೆ ತೋರಿಸಬೇಕಾ ಬೇಡವಾ ಅಂತ ತೀರ್ಮಾನಿಸುವುದು ಫೇಸ್‌ಬುಕ್. ಇಮೇಲ್ ವಿಳಾಸ ಹಾಗಲ್ಲ, ಸೈಟು ಬೇರೆ ಕಡೆಗೆ ಹೋದರೂ ನಿನ್ನ ಜೊತೆ ಬರುತ್ತದೆ. ಆದರೆ ಪಟ್ಟಿ ಕೊಂಡುಕೊಳ್ಳುವ ಯೋಚನೆ ಬೇಡ. ಕೇಳದವರಿಗೆ ಮೇಲ್ ಕಳಿಸುವುದು 1978ರಷ್ಟು ಹಳೆಯ ಚಾಳಿ. ಆ ವರ್ಷ ಒಂದು ಕಂಪ್ಯೂಟರ್ ಕಂಪನಿ ಇಂಟರ್ನೆಟ್ಟಿನ ಮುಂಚಿನ ರೂಪವಾದ ಅರ್ಪಾನೆಟ್‌ನಲ್ಲಿ ಸುಮಾರು 400 ಜನರಿಗೆ ಜಾಹೀರಾತು ಕಳಿಸಿ ಬೈಸಿಕೊಂಡಿತ್ತು. ಈಗ ಬೈಗುಳದಲ್ಲಿ ಮುಗಿಯುವುದಿಲ್ಲ. 2024ರ ಫೆಬ್ರುವರಿಯಿಂದ ಜಿಮೇಲ್, ಯಾಹೂ ಎರಡೂ ನಿಯಮ ಬಿಗಿ ಮಾಡಿವೆ. ಮೇಲ್ ನಿನ್ನ ಡೊಮೇನ್‌ನಿಂದಲೇ ಬಂದದ್ದು ಅಂತ ಖಾತ್ರಿ ಮಾಡುವ ಎಸ್‌ಪಿಎಫ್, ಡಿಕೆಐಎಂ ಸರಿಯಾಗಿ ಹಾಕಿಲ್ಲದಿದ್ದರೆ, ಓದುವವರು ಸ್ಪ್ಯಾಮ್ ಅಂತ ಒತ್ತಿದ್ದು 0.3% ಮುಟ್ಟಿದರೆ, ಮೇಲ್ ಒಳಗೇ ಸೇರದೆ ಹೋಗಬಹುದು. ತಾವಾಗಿ ಹೆಸರು ಕೊಟ್ಟವರು ಮೂವತ್ತೇ ಜನ ಇದ್ದರೂ ಸಾಕು, ಅವರಿಗೆ ಬರೆ. ತಿಂಗಳಿಗೆ ಒಂದು ಸಲ, ಒಂದು ರಿಪೇರಿಯ ಬಗ್ಗೆ.

ಹಾಟ್‌ಮೇಲ್ ಅನ್ನುವ ಉಚಿತ ಇಮೇಲ್ ಸೇವೆ ಬೆಳೆದದ್ದು ಹೇಗೆ ಗೊತ್ತಾ? 1996ರ ಜುಲೈ 4ರಂದು ಶುರುವಾಯಿತು. ಅಲ್ಲಿಂದ ಹೊರಡುವ ಪ್ರತಿ ಮೇಲ್‌ನ ಅಡಿಯಲ್ಲಿ 'ನಿಮಗೂ ಉಚಿತ ಇಮೇಲ್ ಬೇಕಾ' ಅನ್ನುವಂಥ ಒಂದು ಸಾಲು ಇರುತ್ತಿತ್ತು. ಬಳಸುವವರೇ ಪ್ರಚಾರ ಮಾಡಿಬಿಟ್ಟರು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಳ್ಳುವಷ್ಟರಲ್ಲಿ ಬಳಕೆದಾರರು 80 ಲಕ್ಷ ದಾಟಿದ್ದರು. ನಿನ್ನಿಂದ ಅಷ್ಟು ಆಗಬೇಕಿಲ್ಲ. ಆದರೆ ನೀನು ಕಳಿಸುವ ಪ್ರತಿ ಬಿಡಿಭಾಗದ ಪೊಟ್ಟಣದಲ್ಲಿ ಒಂದು ಚೀಟಿ ಇಡಬಹುದು. ಅದರಲ್ಲಿ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಸೈಟಿನ ಮುಖಪುಟ ಬೇಡ, ಆ ಭಾಗವನ್ನು ಕೂರಿಸುವ ರೀತಿ ತೋರಿಸುವ ಪುಟವೇ ತೆರೆಯಬೇಕು. ಅದು ಉಪಯೋಗಕ್ಕೆ ಬಂದರೆ ಅವರೇ ಪಕ್ಕದವರಿಗೆ ಕಳಿಸುತ್ತಾರೆ.

ವಿಡಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮುಖ ತೋರಿಸಲು ನಾಚಿಕೆ ಅಂದೆಯಲ್ಲ, ತೋರಿಸಬೇಡ. ಕೈ ಮತ್ತು ಮಷಿನ್ ಕಂಡರೆ ಸಾಕು. ಒಂದು ತೊಂದರೆಗೆ ಒಂದು ವಿಡಿಯೋ, ಕೆಳಗೆ ಪುಟದ ಲಿಂಕು.

'ಒಂದೇ ಐಡಿಯಾದಲ್ಲಿ ಹೆಸರು ಮಾಡಿದವರಿಲ್ವಾ' ಅಂತ ನೀನು ಕೇಳುತ್ತೀಯ, ಗೊತ್ತು. ಇದ್ದಾರೆ. 2005ರಲ್ಲಿ ಅಲೆಕ್ಸ್ ಟ್ಯೂ ಅನ್ನುವ ಹುಡುಗ ಒಂದು ಪುಟದ 10 ಲಕ್ಷ ಪಿಕ್ಸೆಲ್‌ಗಳನ್ನು, ಅಂದರೆ ಪರದೆಯ ಚುಕ್ಕಿಗಳನ್ನು, ಜಾಹೀರಾತಿನ ಜಾಗವಾಗಿ ಒಂದೊಂದು ಡಾಲರಿಗೆ ಮಾರಿದ. ಸುದ್ದಿಯೇ ಅವನ ಪ್ರಚಾರ ಆಯಿತು. ಅದನ್ನು ನಕಲು ಮಾಡಿದ ಸೈಟುಗಳು ಲೆಕ್ಕವಿಲ್ಲದಷ್ಟು ಬಂದವು. ಅವುಗಳಲ್ಲಿ ಒಂದರ ಹೆಸರು ನೆನಪಿದೆಯಾ ನಿನಗೆ?

ಜಾಹೀರಾತು ಪೂರ್ತಿ ಬೇಡ ಅಂತಲೂ ನಾನು ಹೇಳುವುದಿಲ್ಲ. ಮಾರುವ ಪುಟ ಸರಿಯಾಗಿ ಕೆಲಸ ಮಾಡುತ್ತಿದೆ ಅಂತ ಖಾತ್ರಿಯಾದ ಮೇಲೆ, ಕಳೆದುಕೊಂಡರೂ ಬೇಸರ ಆಗದಷ್ಟು ದುಡ್ಡನ್ನು ದಿನದ ಮಿತಿ ಮಾಡಿ ಗೂಗಲ್ ಸರ್ಚ್ ಜಾಹೀರಾತಿಗೆ ಹಾಕಿ ನೋಡು. ಹಾಕುವಾಗ, ಬೇರೆ ಸೈಟುಗಳಲ್ಲೂ ಜಾಹೀರಾತು ತೋರಿಸುವ ಡಿಸ್‌ಪ್ಲೇ ನೆಟ್‌ವರ್ಕ್ ಅನ್ನುವುದಕ್ಕೆ ಟಿಕ್ ಇದ್ದರೆ ತೆಗೆ. ಇಲ್ಲದಿದ್ದರೆ ಹುಡುಕದವರ ಕಣ್ಣಿಗೂ ನಿನ್ನ ಜಾಹೀರಾತು ಬಿದ್ದು ದುಡ್ಡು ಸೋರುತ್ತದೆ. ಬಿಡಿಭಾಗದ ಹೆಸರನ್ನೇ ಹುಡುಕುವವರಿಗೆ ಮಾತ್ರ ಕಾಣಲಿ. 'ಕೆಲಸ', 'ತರಬೇತಿ', 'ಸೆಕೆಂಡ್ ಹ್ಯಾಂಡ್' ಇಂಥ ಪದಗಳನ್ನು ನೆಗೆಟಿವ್ ಕೀವರ್ಡ್ ಪಟ್ಟಿಗೆ ಹಾಕು, ಆ ಪದ ಸೇರಿಸಿ ಹುಡುಕುವವರಿಗೆ ಜಾಹೀರಾತು ಕಾಣುವುದಿಲ್ಲ. ಎಷ್ಟು ಜನ ಬಂದರು ಅಂತ ಲೆಕ್ಕ ಹಾಕಬೇಡ. ಎಷ್ಟು ಜನ ಕೊಂಡರು, ಎಷ್ಟು ಜನ ಇಮೇಲ್ ಕೊಟ್ಟರು, ಅದಕ್ಕೆ ತಲೆಗೆಷ್ಟು ಖರ್ಚಾಯಿತು ಅಂತ ನೋಡು. ಮಾರಾಟದ ಲಾಭಕ್ಕಿಂತ ಆ ಖರ್ಚು ಜಾಸ್ತಿ ಆದ ದಿನವೇ ನಿಲ್ಲಿಸು.

ಮೊದಲು 'ದಾರದ ಕಥೆ'ಯನ್ನು ಒಡೆದು ಐದಾರು ಪುಟ ಮಾಡು. ಹಳೆಯ ಪುಟವನ್ನು ಅಳಿಸಬೇಡ, ಹೊಸ ಪುಟಗಳಿಗೆ ಅದರಿಂದ ಲಿಂಕು ಕೊಡು. ಸರ್ಚ್ ಕನ್ಸೋಲ್ ಶುರು ಮಾಡಿದ ಮೇಲೆ ನನ್ನನ್ನೂ ಬಳಕೆದಾರನಾಗಿ ಸೇರಿಸು. ರಿಸ್ಟ್ರಿಕ್ಟೆಡ್ ಅನುಮತಿ ಸಾಕು, ನಾನು ಏನನ್ನೂ ಬದಲಿಸಲು ಆಗುವುದಿಲ್ಲ, ನೋಡಬಹುದು ಅಷ್ಟೇ. ವರದಿ ಬಂದ ಮೇಲೆ ಒಂದು ಭಾನುವಾರ ಫೋನ್ ಮಾಡು, ಇಬ್ಬರೂ ಕೂತು ಶೀರ್ಷಿಕೆ ತಿದ್ದೋಣ.

ಇಂತಿ ನಿನ್ನ ಗೆಳೆಯ