ಹೆಡ್ ಬೋಲ್ಟಿನ ತೂತಿಗೆ ಟ್ಯಾಪ್ ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲಿಗೆ ಮೊದಲು ತೋಟದ ಹಳೇ ಜೀಪುಗಳನ್ನೆಲ್ಲ ಗ್ಯಾರೇಜಿಗೆ ಬಿಡುವುದು ನಮ್ಮ ಕಡೆಯ ರೂಢಿ. ನನ್ನ ಮಹೀಂದ್ರಾ ಸಿಜೆ-3ಬಿ ಪೆಟ್ರೋಲ್ ಜೀಪಿಗೆ ಹೋದ ವರ್ಷ ಮೂರು ತಿಂಗಳಲ್ಲಿ ಎರಡು ಸಲ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ಹಾಳೆ) ಹಾಕಿಸಿದೆ. ಎರಡು ಸಲವೂ ಶಾಂತಳ್ಳಿ ಏರು ಹತ್ತುವಷ್ಟರಲ್ಲಿ ರೇಡಿಯೇಟರ್ ಕುದಿಯಿತು. 'ಗ್ಯಾಸ್ಕೆಟ್ಟೇ ಡೂಪ್ಲಿಕೇಟ್ ಸಾರ್' ಅಂದರು ಗ್ಯಾರೇಜಿನವರು. ಮೂರನೇ ಸಲ ಹೆಡ್ಡನ್ನು ನಾನೇ ಬಿಚ್ಚಿದೆ.

ಈ ಇಂಜಿನ್ನಿನಲ್ಲಿ ಒಂದು ಹೆಡ್ ಬೋಲ್ಟ್ ಕಾರ್ಬುರೇಟರ್ ಅಡಿಯಲ್ಲಿ ಅಡಗಿ ಕೂತಿರುತ್ತದೆ. ಅದು ನೆನಪಾಗದೆ ಅರ್ಧ ದಿನ ಹೆಡ್ ಎಬ್ಬಿಸಿದ್ದು ನನ್ನದೇ ದಡ್ಡತನ, ಇರಲಿ. ಆಮೇಲೆ ಬ್ಲಾಕಿನ ತೂತುಗಳಿಗೆ ತಂತಿ ಇಳಿಸಿ ನೋಡಿದರೆ ತುಕ್ಕು, ಕರಿ, ಹಳೇ ಆಯಿಲ್ ಸೇರಿ ಬುಡದಲ್ಲಿ ರಾಗಿ ಅಂಬಲಿ ಥರ ನಿಂತಿತ್ತು. ಅಂಥ ತೂತಿನಲ್ಲಿ ಬೋಲ್ಟ್ ಬಿಗಿ ಹಿಡಿಯುವುದು ಕೊಳೆಯ ಮೇಲೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ಸಾಕೆಂದು ಟಕ್ ಅಂದರೂ ಹೆಡ್ ಗ್ಯಾಸ್ಕೆಟ್ಟನ್ನು ಒತ್ತಿ ಕೂತಿರುವುದಿಲ್ಲ. ಎರಡು ತೂತಿಗಂತೂ ಯಾರೋ ಎಂಎಂ ಅಳತೆಯ ಟ್ಯಾಪ್ (ತೂತಿನೊಳಗೆ ಥ್ರೆಡ್, ಅಂದರೆ ತಿರುಪಿನ ಗೆರೆ ಕೊರೆಯುವ ಉಪಕರಣ) ಓಡಿಸಿದ್ದರು. ಇದು ಅಮೆರಿಕದ ವಿಲ್ಲಿಸ್ ಇಂಜಿನ್ನು, ಥ್ರೆಡ್ಡೆಲ್ಲ ಇಂಚಿನ ಲೆಕ್ಕ!

ಸರಿಯಾದ ಸೈಜಿನದೇ ಆಗಲಿ, ಟ್ಯಾಪ್ ಇರುವುದು ಹೊಸ ಥ್ರೆಡ್ ಕೊರೆಯಲಿಕ್ಕೆ. ಹಳೇ ಥ್ರೆಡ್ಡಿಗೆ ಇಳಿಸಿದರೆ ಕೊಳೆಯ ಜೊತೆ ಒಂದಿಷ್ಟು ಕಬ್ಬಿಣವನ್ನೂ ಕೆರೆದು ತರಬಹುದು. ನಾನು ಮಾಡಿದ್ದು ಇಷ್ಟೇ: ಅದೇ ಥ್ರೆಡ್ಡಿನ ಒಂದು ಹಳೇ ಬೋಲ್ಟಿಗೆ ಹ್ಯಾಕ್ಸಾದಲ್ಲಿ ಉದ್ದಕ್ಕೆ ಮೂರು ಗೀರು ಹಾಕಿ, ಗೀರಿನ ಅಂಚನ್ನು ಅರದಲ್ಲಿ ನಯ ಮಾಡಿ, ಡೀಸೆಲ್ ಸವರಿ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಅಂತ ಕೈಯಲ್ಲೇ ಇಳಿಸಿದೆ. ಕೊಳೆ ಗೀರಿನಲ್ಲಿ ತುಂಬಿಕೊಂಡು ಮೇಲೆ ಬರುತ್ತದೆ. ಒರೆಸಿ ಮತ್ತೆ ಇಳಿಸಬೇಕು. ಕೊನೆಗೆ ಹೊಸ ಬೋಲ್ಟ್ ಬೆರಳಲ್ಲಿ ತಿರುಗಿಸಿದರೇ ಬುಡದ ತನಕ ಇಳಿಯಿತು. ಟ್ಯಾಪ್ ಬಿದ್ದಿದ್ದ ಎರಡನ್ನು ಮಾತ್ರ ಲೇತ್ ಅಂಗಡಿಯಲ್ಲಿ ಇನ್ಸರ್ಟ್ (ಕೆಟ್ಟ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ಹೊಸ ಥ್ರೆಡ್ಡಿನ ತುಂಡು) ಹಾಕಿಸಬೇಕಾಯಿತು.

ತೂತನ್ನು ಒಣಗಿಸುವುದು ಮಾತ್ರ ಮರೆಯಬಾರದು. ಬುಡ ಮುಚ್ಚಿದ ತೂತಿನಲ್ಲಿ ಡೀಸೆಲ್ಲೋ ನೀರೋ ನಿಂತಿದ್ದು, ಮೇಲಿಂದ ಬೋಲ್ಟ್ ಬಿಗಿದರೆ ಅದಕ್ಕೆ ಹೋಗಲು ಜಾಗವಿಲ್ಲ. ಬ್ಲಾಕೇ ಸೀಳಬಹುದು. ಒಣಗಿಸಲು ಏರ್ ಹೊಡೆಯುವಾಗ ಕನ್ನಡಕ ಹಾಕಿ, ತೂತಿನ ಮೇಲೆ ಬಟ್ಟೆ ಹಿಡಿಯಿರಿ; ಕೊಳೆ ಚಿಮ್ಮುವುದು ನೇರ ಕಣ್ಣಿಗೇ.

ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳಲ್ಲೂ ಹಳೆಯವು ಎಷ್ಟಿವೆ ನೋಡಿ. ಜಿಲ್ಲೆಯ ಐಟಿಐಗಳಲ್ಲಿ ಹುಡುಗರಿಗೆ ಒಂದು ಗುಜರಿ ಬ್ಲಾಕ್ ಕೊಟ್ಟು ಈ ಕೆಲಸ ಮಾಡಿಸಲಿ. ಗ್ಯಾರೇಜಿನವರೂ ಇದಕ್ಕೆ ಹಿಡಿಯುವ ಒಂದು ಗಂಟೆಯ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿಯೇ ಬರೆಯಲಿ. ನಾನಂತೂ ಚೌಕಾಸಿ ಮಾಡದೆ ಕೊಡುತ್ತೇನೆ.

– ಒಬ್ಬ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು