ಅಪ್ಪನ ಆಪರೇಷನ್ ಮುಂದೂಡಬೇಡಿ: ಬ್ರಿಸ್ಟಲ್‌ನಿಂದ ಕಾಗದ

ಬ್ರಿಸ್ಟಲ್, ಇಂಗ್ಲೆಂಡ್, ಭಾನುವಾರ

ಪ್ರೀತಿಯ ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಎಲ್ಲ ತಲುಪಿತು. ಡಬ್ಬಿಯ ಕೆಳಗೆ ಮಡಚಿಟ್ಟಿದ್ದ ನಿನ್ನ ಕಾಗದವೂ ಸಿಕ್ಕಿತು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಅಂತ ಗೊತ್ತಾಯಿತು. ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ ಅಲ್ವಾ.

ಮೂರು ಕಡೆ ಬ್ಲಾಕ್ ಇದೆ, ಬೈಪಾಸ್ ಮಾಡಿಸಲೇಬೇಕು ಅಂತ ಡಾಕ್ಟರು ಹೇಳಿದ್ದಾರೆ. ಆದರೂ "ಕೆಂಪಮ್ಮನ ಜಾತ್ರೆ ಮುಗಿಯಲಿ, ಆಮೇಲೆ ನೋಡೋಣ" ಅಂತಿದ್ದಾರಲ್ಲ ಅಪ್ಪ! ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಮನೆಯಲ್ಲಿ ಕೂರೋಕಾಗದೆ ಸುಮ್ನೆ ನಡೆದುಕೊಂಡು ಹೋದೆ. ಹಳೆ ಬಂದರಿನ ಆಚೆ ಸೇಂಟ್ ಮೇರಿ ರೆಡ್‌ಕ್ಲಿಫ್ ಅಂತ ದೊಡ್ಡ ಚರ್ಚಿದೆ. ದಿನಾ ಬಸ್ಸಿನಿಂದ ನೋಡುತ್ತಿದ್ದೆ, ಒಳಗೆ ಹೋಗಿರಲಿಲ್ಲ. ಬಾಗಿಲು ತೆಗೆದಿತ್ತು, ಟಿಕೆಟ್ ಏನೂ ಇಲ್ಲ. ಹೋಗಿ ಕೂತೆ.

ಇದು ರಾಜರು ಕಟ್ಟಿಸಿದ್ದಲ್ಲ ಅಮ್ಮ. ಹಡಗಿನ ವ್ಯಾಪಾರದಲ್ಲಿ ದುಡ್ಡು ಮಾಡಿದ ಊರಿನ ಸಾಹುಕಾರರು ಕಟ್ಟಿಸಿದ್ದು. 12ನೇ ಶತಮಾನದಿಂದ 15ನೇ ಶತಮಾನದವರೆಗೆ ಕೆಲಸ ನಡೆಯುತ್ತಲೇ ಇತ್ತು. ಸೇತುವೆ ಕಟ್ಟಿಸಿದ ಅಪ್ಪನಿಗೆ ಇಲ್ಲಿ ನೋಡೋಕೆ ಬೇಕಾದಷ್ಟಿದೆ. ಛಾವಣಿ ಪೂರ್ತಿ ಕಲ್ಲಿನದು. ಅದರ ಭಾರ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಹೊರಗಿನಿಂದ ಕಲ್ಲಿನ ಅರ್ಧ ಕಮಾನುಗಳನ್ನು ಗೋಡೆಗೆ ಆನಿಸಿದ್ದಾರೆ. ಆ ತಳ್ಳುವ ಬಲ ಅವುಗಳ ಮೂಲಕ ನೆಲಕ್ಕಿಳಿಯುತ್ತದೆ. ಗೋಡೆ ದಪ್ಪ ಇರಬೇಕಾಗಿಲ್ಲ, ಅಷ್ಟೂ ಜಾಗಕ್ಕೆ ಗಾಜು ಹಾಕಿದ್ದಾರೆ. ಒಳಗೆ ಎಷ್ಟು ಬೆಳಕು ಗೊತ್ತಾ! ಮೇಲೆ ಕಮಾನುಗಳು ಕೂಡುವ ಕಡೆಯಲ್ಲೆಲ್ಲ ಚಿನ್ನದ ಬಣ್ಣದ ಕೆತ್ತನೆ, ಸಾವಿರಕ್ಕೂ ಜಾಸ್ತಿ. ಅರಳಗುಪ್ಪೆ ಕಲ್ಲೇಶ್ವರನ ಗುಡಿಯಲ್ಲಿ ಛಾವಣಿಯ ನಟರಾಜನನ್ನು ನೋಡುತ್ತಾ ಕತ್ತು ನೋಯಿಸಿಕೊಳ್ಳುತ್ತಿದ್ದೆವಲ್ಲ, ಇಲ್ಲೂ ಹಾಗೇ ಆಯಿತು. ಕುಸುರಿ ಕೆಲಸದಲ್ಲಿ ನಮ್ಮದೇ ಮೇಲು, ಅದರಲ್ಲಿ ಎರಡು ಮಾತಿಲ್ಲ.

ನಿನಗೆ ಇಷ್ಟವಾಗುವ ವಿಷಯ ಬೇರೆ ಇದೆ. ವಿಲಿಯಂ ಕ್ಯಾನಿಂಜಸ್ ಅಂತ ಆ ಕಾಲದ ದೊಡ್ಡ ಶ್ರೀಮಂತ, ಐದು ಸಲ ಊರಿನ ಮೇಯರ್ ಆಗಿದ್ದವನು. ಹೆಂಡತಿ ಸತ್ತ ಮೇಲೆ ವ್ಯಾಪಾರ ಬಿಟ್ಟು ಪಾದ್ರಿಯಾದ. ಅವನ ಪ್ರತಿಮೆ ಎರಡಿವೆ. ಒಂದರಲ್ಲಿ ಹೆಂಡತಿಯ ಪಕ್ಕ ಮಲಗಿದ್ದಾನೆ, ಇನ್ನೊಂದರಲ್ಲಿ ಪಾದ್ರಿಯ ಉಡುಪಿನಲ್ಲಿ. ಅವನ ಅಡುಗೆಯವನಿಗೂ ಅಲ್ಲೇ ಸಮಾಧಿ! ಕಲ್ಲಿನ ಮೇಲೆ ಚಾಕು, ಸೋಸುವ ಜರಡಿ ಕೆತ್ತಿದ್ದಾರೆ. ಅನ್ನ ಹಾಕಿದವನನ್ನು ನೆನೆದಿದ್ದು ನನಗೆ ತುಂಬಾ ಹಿಡಿಸಿತು. ಹೊರಗೆ ಚರ್ಚಿನ ಬೆಕ್ಕಿಗೂ ಒಂದು ಕಲ್ಲಿದೆ, 1912–1927 ಅಂತ ಬರೆದಿದೆ.

"ಅಲ್ಲಿಯ ಜನ ಹೇಗೆ, ನಮ್ಮವರನ್ನು ಕೀಳಾಗಿ ನೋಡ್ತಾರಾ" ಅಂತ ಕೇಳಿದ್ದೀಯ. ಅದಕ್ಕೂ ಇಲ್ಲೊಂದು ಕಿಟಕಿಯಿದೆ. ಗುಲಾಮರ ವ್ಯಾಪಾರ ಮಾಡಿದ ಎಡ್ವರ್ಡ್ ಕೋಲ್ಸ್ಟನ್ ನೆನಪಿನ ಗಾಜುಗಳನ್ನು 2020ರಲ್ಲಿ ತೆಗೆದುಹಾಕಿದರು. ಈಗ ಹೊಸ ಚಿತ್ರಗಳಿವೆ. ಒಂದರಲ್ಲಿ 1963ರ ಬಸ್ ಬಹಿಷ್ಕಾರ. ಕರಿಯರಿಗೆ, ಏಷ್ಯಾದವರಿಗೆ ಬಸ್ಸಿನಲ್ಲಿ ಕೆಲಸ ಕೊಡಲ್ಲ ಅಂದಿದ್ದಕ್ಕೆ ಜನ ಬಸ್ ಹತ್ತುವುದನ್ನೇ ಬಿಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಘುಬೀರ್ ಸಿಂಗ್ ಅನ್ನುವ ಸರ್ದಾರ್ಜಿ ಕಂಡಕ್ಟರ್ ಆದರು. ಅಂಥ ಊರಿದು. ನನ್ನ ಬಗ್ಗೆ ಚಿಂತೆ ಬೇಡ.

ಈಗ ಅಪ್ಪನ ವಿಷಯ. ಈ ಕಾಗದವನ್ನು ಅವರಿಗೇ ಓದಿ ಹೇಳು. ಬೈದರೆ ನನ್ನನ್ನೇ ಬೈಯಲಿ.

ಅಪ್ಪಾ, ಈ ಚರ್ಚಿನ ಗೋಪುರ 80 ಮೀಟರಿಗೂ ಎತ್ತರ ಇದೆ. 1446ರ ಸುಮಾರಿಗೆ ಸಿಡಿಲು ಹೊಡೆದು ಅದರ ತುದಿ ಮುರಿಯಿತು. ಮತ್ತೆ ಪೂರ್ತಿ ಮಾಡಿದ್ದು 1872ರಲ್ಲಿ. ಕಲ್ಲಿನ ಗೋಪುರ ನಾನೂರು ವರ್ಷ ಕಾಯಬಹುದು. ನಿಮ್ಮ ಹೃದಯ ಜಾತ್ರೆವರೆಗೂ ಕಾಯುತ್ತದೆ ಅಂತ ಯಾವ ಡಾಕ್ಟರೂ ಹೇಳಿಲ್ಲ. ಕಷಾಯ ಕುಡಿಯಿರಿ, ಬೇಡ ಅನ್ನಲ್ಲ, ಆದರೆ ಡಾಕ್ಟರನ್ನು ಕೇಳಿ ಕುಡಿಯಿರಿ. ಅದರಿಂದ ಬ್ಲಾಕ್ ಹೋಗಲ್ಲ. ಬೈಪಾಸ್ ಅಂದರೆ ಕಾಲಿನ ರಕ್ತನಾಳ ತೆಗೆದು ರಕ್ತಕ್ಕೆ ಬೇರೆ ದಾರಿ ಮಾಡುತ್ತಾರೆ, ಅಷ್ಟೇ. ನಿಮಗೆ ಇದನ್ನು ನಾನು ವಿವರಿಸಬೇಕಾ? ರಸ್ತೆ ಕಿತ್ತುಹೋದಾಗ ಬೇರೆ ದಾರಿ ಮಾಡಿಸಿದವರು ನೀವೇ.

ದುಡ್ಡಿನ ಮಾತು ಎತ್ತಲೇಬೇಡಿ. ರಘು ಮನೆಗೆ ಅಂತ ಇಟ್ಟಿರುವ ಎಫ್‌ಡಿ ಮುರಿಸುವುದು ಬೇಡ. ನಾನು ಕಳಿಸುತ್ತೇನೆ. ನನಗೆ ಏನೂ ಕಷ್ಟವಿಲ್ಲ, ನಿಜವಾಗಿಯೂ ಇಲ್ಲ. ಬಾಡಿಗೆ ಕಟ್ಟಿ, ಊಟ ಮಾಡಿ, ಆಮೇಲೂ ಉಳಿಯುತ್ತದೆ. ಚೆನ್ನಾಗಿ ತಿನ್ನುತ್ತಿದ್ದೇನೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇನೆ, ಕೆಮ್ಮೂ ಹೋಗಿದೆ.

ಅಮ್ಮ, ರಘುಗೆ ಹೇಳು. ಆಂಜಿಯೋಗ್ರಾಂ ಸಿಡಿ, ರಿಪೋರ್ಟು, ಮಾತ್ರೆ ಚೀಟಿ ಎಲ್ಲ ಒಂದೇ ಫೈಲಿನಲ್ಲಿ ಹಾಕಿಕೊಂಡು ಈ ವಾರವೇ ಬೆಂಗಳೂರಿಗೆ, ಜಯದೇವಕ್ಕೆ ಕರೆದುಕೊಂಡು ಹೋಗಲಿ. ಬೆಳಗಿನ ರೈಲಿಗೇ ಹೊರಡಿ. ಅಪ್ಪನ ಬ್ಯಾಗು ರಘು ಹಿಡಿಯಲಿ, ಸ್ಟೇಷನ್ನಿನ ಮೆಟ್ಟಿಲು ನಿಧಾನ ಹತ್ತಿಸಿ. ಎದೆ ಹಿಡಿದಂತಾದರೆ ಗ್ಯಾಸ್ ಅಂತ ಸುಮ್ಮನೆ ಕೂರಬೇಡಿ, ತಕ್ಷಣ ಆಸ್ಪತ್ರೆಗೆ. ಸಕ್ಕರೆ ಹತೋಟಿಗೆ ಬರದೆ ಆಪರೇಷನ್‌ಗೆ ತೆಗೆದುಕೊಳ್ಳುವುದು ಕಷ್ಟ, ಹಾಗಾಗಿ ಕೊಬ್ಬರಿ ಮಿಠಾಯಿ ಡಬ್ಬ ಅತ್ತಿಗೆ ಹತ್ತಿರ ಇರಲಿ. ತಾರೀಕು ಗೊತ್ತಾದ ದಿನವೇ ನಾನು ಟಿಕೆಟ್ ಮಾಡಿಸುತ್ತೇನೆ. ರಜೆ ಕೇಳಿದ್ದಾಗಿದೆ, ಕೊಡುತ್ತಾರೆ.

ಚರ್ಚಿನಲ್ಲಿ ಅಪ್ಪನ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದೆ. ಗಾಬರಿಯಾಗಬೇಡ, ಮನೆಗೆ ಬಂದು ದೇವರಿಗೂ ದೀಪ ಹಚ್ಚಿದೆ. ಕೆಂಪಮ್ಮನಿಗೆ ನನ್ನ ಪರವಾಗಿ ಮಡಿಲಕ್ಕಿ ಕೊಡು.

ಎಲ್ಲ ಸರಿಹೋಗುತ್ತದೆ. ಖಂಡಿತ ಸರಿಹೋಗುತ್ತದೆ. ನೀನು ಊಟ ಬಿಡಬೇಡ. ಇದನ್ನು ಒಯ್ಯುವವರು ಕೆಳಗೆ ಕಾಯುತ್ತಿದ್ದಾರೆ, ಏರ್‌ಪೋರ್ಟಿಗೆ ಹೊತ್ತಾಯಿತು. ರಘು ನಾಳೆಯೇ ಫೋನ್ ಮಾಡಲಿ.

ನಿನ್ನ ಮಗಳು,
ಸುಮಾ